ಡಯಾನ ಕೂತ ಜಾಗಗಳು

ಬೀರೇಶ ಎಲ್ಲಿಗೆ ಹೋದರೂ ಮೊದಲು ಬಾಗಿಲು ಎಣಿಸುತ್ತಾನೆ. ಮದುವೆ ಮಂಟಪವಾಗಲಿ, ಬ್ಯಾಂಕಾಗಲಿ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಾಗಲಿ, ಒಳಗೆ ಕಾಲಿಟ್ಟ ಕೂಡಲೇ ಅವನ ಕಣ್ಣು ಹೊರಗೆ ಓಡುವ ದಾರಿ ಹುಡುಕುತ್ತದೆ. ಮದುವೆಯಾದ ಹೊಸದರಲ್ಲಿ ಮಾವನ ಮನೆಗೆ ಹೋದಾಗಲೂ ಎಣಿಸಿದ್ದ. ಹೆಂಡತಿ ಮುನಿಲಕ್ಷ್ಮಿ ಅದನ್ನು ಕಂಡು, "ಎರಡೇ ಬಾಗ್ಲು ಇರೋದು. ಹಿತ್ತಲ ಬಾಗ್ಲಿಗೆ ಎಮ್ಮೆ ಕಟ್ಟೈತೆ. ಸುಮ್ನೆ ಕೂತ್ಕೊಂಡು ಕಾಫಿ ಕುಡೀರಿ" ಅಂದಿದ್ದಳು.

ಸಿಡಿಲು, ಲಿಫ್ಟು, ಗ್ಯಾಸ್ ಸಿಲಿಂಡರು, ಸರ್ಕಾರಿ ಮುದ್ರೆಯಿರುವ ಲಕೋಟೆ, ಇವೆಲ್ಲ ಅವನ ಹೆದರಿಕೆಯ ಪಟ್ಟಿಯಲ್ಲಿದ್ದವು. ಎಲ್ಲಕ್ಕಿಂತ ಮೇಲೆ ಇದ್ದದ್ದು ನಾಯಿ. ಒಂಬತ್ತನೇ ವಯಸ್ಸಿನಲ್ಲಿ ಮಾರುಕಟ್ಟೆಯ ಹಿಂದೆ ಒಂದು ಕಂದು ನಾಯಿ ಅವನ ಮೀನಖಂಡ ಹಿಡಿದಿತ್ತು. ಆಗ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚುತ್ತಿದ್ದ ಕಾಲ. ನಾಯಿ ಒಂದೇ ಸಲ ಕಚ್ಚಿತ್ತು, ಆಸ್ಪತ್ರೆಯವರು ಹದಿನಾಲ್ಕು ಸಲ ಕಚ್ಚಿದರು. ಹುಡುಗ ಮಾತ್ರ ಸಿಟ್ಟನ್ನೆಲ್ಲ ನಾಯಿಯ ಮೇಲೇ ಇಟ್ಟುಕೊಂಡ.

ಇಂಥವನು ನಾಯಿಗಳ ಕಂಪನಿಗೆ ಸೇರಿದ್ದೂ ಹೆದರಿಕೆಯ ದೆಸೆಯಿಂದಲೇ. ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ರಸ್ತೆಯಲ್ಲಿ ಮುಚ್ಚಿಹೋದ ಕೋಳಿ ಫಾರಂ ಒಂದನ್ನು ಬಾಡಿಗೆಗೆ ಹಿಡಿದು ಮುರಳಿಮೋಹನ್ ಎಂಬವರು ಬಾಂಬು ಪತ್ತೆ ಮಾಡುವ ನಾಯಿಗಳನ್ನು ಸಾಕುತ್ತಿದ್ದರು. ಅದಕ್ಕೆ ಮೊದಲು ಅವರದು ಶಾಮಿಯಾನದ ವ್ಯಾಪಾರ. ಯಾವ ಮದುವೆಗೆ ಎಂಥ ದೊಡ್ಡವರು ಬರುತ್ತಾರೆ ಎಂಬುದು ಶಾಮಿಯಾನದವರಿಗೆ ಪುರೋಹಿತರಿಗಿಂತ ಮೊದಲೇ ಗೊತ್ತಾಗುತ್ತದೆ. ದೊಡ್ಡವರು ಬರುವ ಕಡೆ ಭಯವೂ ಬರುತ್ತದೆ, ಭಯ ಬಂದ ಕಡೆ ನಾಯಿ ಬಾಡಿಗೆಗೆ ಹೋಗುತ್ತದೆ. ಈ ಲೆಕ್ಕ ಹೊಳೆದ ದಿನವೇ ಅವರು ಶಾಮಿಯಾನವನ್ನು ತಮ್ಮನಿಗೆ ಬಿಟ್ಟುಕೊಟ್ಟರು.

ಆಗ ಬೀರೇಶ ಚಿಂತಾಮಣಿಯ ಒಂದು ಗೋದಾಮಿನಲ್ಲಿ ಕಾವಲು ಕೆಲಸದಲ್ಲಿದ್ದ. ನಾಯಿ ನಡೆಸಲು ಜನ ಬೇಕು ಎಂದು ಕಂಪನಿಯವರು ಹನ್ನೆರಡು ಮಂದಿಯನ್ನು ಸಾಲಾಗಿ ನಿಲ್ಲಿಸಿದರು. ಬರೀ ಕಾವಲು ಕೆಲಸಕ್ಕೆ ಎಂದು ತಿಳಿದು ಬಂದವನು ಅವನು. ಮುರಳಿಮೋಹನ್ ಒಂದು ನಾಯಿಯನ್ನು ಬಿಟ್ಟರು. ಹನ್ನೊಂದು ಮಂದಿ ಧೈರ್ಯ ತೋರಿಸಲು ಮುಂದೆ ಬಂದರು, ಕೈ ಚಾಚಿದರು, ಲೊಚಗುಟ್ಟಿದರು. ನಾಯಿ ಅವರನ್ನೆಲ್ಲ ನೋಡಿ ಗುರ್ ಎಂದಿತು. ಬೀರೇಶ ಮಾತ್ರ ಮೈ ಓರೆ ಮಾಡಿ, ಕಣ್ಣು ನೆಲಕ್ಕೆ ಹಾಕಿ, ಉಸಿರು ಬಿಡದೆ ಕಲ್ಲಿನಂತೆ ನಿಂತ. ನಾಯಿ ಬಂದು ಅವನ ಕಾಲ ಬಳಿ ಮಲಗಿತು.

"ನೋಡ್ರಯ್ಯ, ಹೊಸ ನಾಯಿ ಮುಂದೆ ಹಿಂಗ್ ನಿಂತ್ಕೋಬೇಕು" ಎಂದರು ಮುರಳಿಮೋಹನ್. "ಎಲ್ಲಪ್ಪ ಕಲಿತೆ?"

ಬೀರೇಶ ನೆಲದಿಂದ ಕಣ್ಣು ಎತ್ತದೆ ತಲೆ ಬಗ್ಗಿಸಿಯೇ ನಿಂತ. ಅದನ್ನು ಅವರು ವಿನಯ ಎಂದು ಬರೆದುಕೊಂಡರು. ಅಲ್ಲಿಂದ ಐದು ವರ್ಷ ಅವನ ಕೆಲಸ ನಡೆದದ್ದು ಆ ಒಂದು ತಪ್ಪು ಅಂದಾಜಿನ ಮೇಲೆ.

ಆದರೆ ಹೆದರುಪುಕ್ಕಲನಲ್ಲಿ ಒಂದು ಗುಣವಿತ್ತು. ಧೈರ್ಯವಂತರು ಒಂದು ಸಲ ನೋಡಿ ಮುಂದೆ ಹೋಗುತ್ತಾರೆ, ಬೀರೇಶ ಮೂರು ಸಲ ನೋಡುತ್ತಿದ್ದ. ಹೂಕುಂಡದ ಹಿಂದೆ, ಜನರೇಟರಿನ ಕೆಳಗೆ, ಮೈಕಿನವನ ಪೆಟ್ಟಿಗೆಯೊಳಗೆ, ಯಾವುದನ್ನೂ ಬಿಡುತ್ತಿರಲಿಲ್ಲ. ಹೋದ ವರ್ಷ ಅವನ ಪಾಲಿಗೆ ಹೊಸ ನಾಯಿ ಬಂತು. ಹಳದಿ ಬಣ್ಣದ ಲ್ಯಾಬ್ರಡಾರ್ ಹೆಣ್ಣು, ಕಂಪನಿ ಇಟ್ಟ ಹೆಸರು ಡಯಾನ. ಬೀರೇಶನ ತಾಯಿ ಚಿಕ್ಕವೆಂಕಟಮ್ಮನ ಬಾಯಲ್ಲಿ ಅದು ದಾನಮ್ಮ ಆಯಿತು. ದಾನಮ್ಮನಿಗೆ ಮೊದಲಿನಿಂದ ವಾಸನೆ ಕಲಿಸುವ ಭಾಗ್ಯ ಬೀರೇಶನದಾಯಿತು.

ವಾಸನೆ ಕಲಿಸುವ ಕ್ರಮ ಕೇಳಲು ಸುಲಭ. ಅಸಲಿ ಸ್ಫೋಟಕವನ್ನು ಕಂಪನಿಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಲೈಸೆನ್ಸ್ ಇರುವ ಒಂದು ಉಗ್ರಾಣದಲ್ಲಿ ಬಿಳಿ ಬಟ್ಟೆಯ ತುಂಡುಗಳನ್ನು ಅದರ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟು ಎರಡು ದಿನ ಬಿಟ್ಟರೆ ಬಟ್ಟೆಗೆ ವಾಸನೆ ಹತ್ತುತ್ತದೆ. ಆ ತುಂಡನ್ನು ತಂದು ಒಂದು ಪೆಟ್ಟಿಗೆಯಲ್ಲಿಡಬೇಕು. ಬೇರೆ ಪೆಟ್ಟಿಗೆಗಳಲ್ಲಿ ಬರೀ ಬಟ್ಟೆ. ನಾಯಿ ಸರಿಯಾದ ಪೆಟ್ಟಿಗೆಯ ಮುಂದೆ ಮೂಗು ತಂದಾಗ ಕೂರಿಸಿ, ಕೂತ ತಕ್ಷಣ ಚೆಂಡು ಎಸೆಯಬೇಕು. ದಿನಕ್ಕೆ ನಲವತ್ತು ಸಲ ಹೀಗೆ ಮಾಡಿದರೆ, ಆ ವಾಸನೆ ಎಂದರೆ ಚೆಂಡು ಎಂಬುದು ನಾಯಿಯ ತಲೆಯಲ್ಲಿ ಕೂರುತ್ತದೆ.

ಬಟ್ಟೆ ಮಾತ್ರ ಬಹಳ ಶುದ್ಧವಾಗಿರಬೇಕು ಎಂದು ಮೊದಲ ದಿನವೇ ಹೇಳಿದ್ದರು. ಕಂಪನಿಯಲ್ಲಿ ಇದ್ದದ್ದು ಗ್ಯಾರೇಜಿನಿಂದ ತಂದ ಚಿಂದಿ. ಬೀರೇಶನಿಗೆ ಅದನ್ನು ಮುಟ್ಟಲು ಮನಸ್ಸಾಗಲಿಲ್ಲ. ಅವನದು ಶಿಡ್ಲಘಟ್ಟದಿಂದ ಆರು ಮೈಲಿ ಆಚೆ ಹಿಪ್ಪುನೇರಳೆ ತೋಟದ ಮಧ್ಯದ ಮನೆ. ಮೂರು ತಲೆಮಾರಿನಿಂದ ರೇಷ್ಮೆ ಹುಳು ಸಾಕಿದವರು. ಶುದ್ಧ ಎಂದರೆ ಏನು ಎಂದು ಅಂಥ ಮನೆಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಹುಳುಮನೆಯೊಳಗೆ ಕಾಲಿಡುವ ಮೊದಲು ಬ್ಲೀಚಿಂಗ್ ಪೌಡರಿನ ನೀರಲ್ಲಿ ಕೈಕಾಲು ಅದ್ದಬೇಕು. ನೆಲ, ತಟ್ಟೆ, ಒರೆಸುವ ಬಟ್ಟೆ ಎಲ್ಲ ಅದರಲ್ಲೇ ತೊಳೆಯಬೇಕು. ಒಂದು ಸಲ ತಪ್ಪಿದರೆ ಇಡೀ ಬೆಳೆ ರೋಗ ಹತ್ತಿ ಕಪ್ಪಾಗುತ್ತದೆ. ಆ ಮನೆಯಲ್ಲಿ ಹುಟ್ಟಿದವರ ಮೂಗಿಗೆ ಬ್ಲೀಚಿಂಗ್ ಒಂದು ವಾಸನೆಯೇ ಅಲ್ಲ, ಗಾಳಿಯ ಹಾಗೆ ಇದ್ದದ್ದೇ ಗೊತ್ತಾಗುವುದಿಲ್ಲ.

ಮುನಿಲಕ್ಷ್ಮಿ ಹುಳುಮನೆಯ ಬಿಳಿ ಬಟ್ಟೆಯನ್ನು ಚೌಕವಾಗಿ ಕತ್ತರಿಸಿ, ಬಿಸಿಲಿಗೆ ಒಣಗಿಸಿ, ಮಡಿಸಿ ಕೊಟ್ಟಳು. "ಇದಕ್ಕಿಂತ ಚೊಕ್ಕಟವಾದ್ದು ನಿಮ್ ಕಂಪನೀಲಿ ಯಾವ್ದೂ ಇರಕಿಲ್ಲ" ಅಂದಳು. ಒಳ್ಳೆಯ ಬಟ್ಟೆ ಕಡಿಮೆ ಇದ್ದದ್ದರಿಂದ ಬೀರೇಶ ಅದನ್ನು ಸ್ಫೋಟಕದ ಡಬ್ಬಿಗೆ ಮಾತ್ರ ಮೀಸಲಿಟ್ಟ. ಬರೀ ಪೆಟ್ಟಿಗೆಗಳಿಗೆ ಗ್ಯಾರೇಜಿನ ಚಿಂದಿಯೇ ಸಾಕು ಎಂದುಕೊಂಡ.

ಡಯಾನ ಎಷ್ಟು ಬೇಗ ಕಲಿತಿತೆಂದರೆ ಮುರಳಿಮೋಹನ್ ಬಂದವರಿಗೆಲ್ಲ ಅದರ ವಿಡಿಯೊ ತೋರಿಸತೊಡಗಿದರು. ಪರೀಕ್ಷೆ ಮಾಡಲು ಬಂದಿದ್ದ ಒಬ್ಬ ಅಧಿಕಾರಿಗೆ ಅಂದು ಸಂಜೆ ರೈಲು ಹಿಡಿಯುವ ಆತುರ. ಕಂಪನಿಯ ಡಬ್ಬಿಯಲ್ಲಿದ್ದ ಬಟ್ಟೆ ತುಂಡುಗಳನ್ನೇ ಬಳಸಿ ಪರೀಕ್ಷೆ ಮುಗಿಸಿದ. ಹತ್ತಕ್ಕೆ ಹತ್ತು. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಮುಂದಿನ ಎಂಟು ತಿಂಗಳು ಬೀರೇಶ ಮಂಟಪ, ಸಭೆ, ಶಾಲೆಯ ವಾರ್ಷಿಕೋತ್ಸವ ಎಂದು ಸುತ್ತಿದ. ಪ್ರತಿ ಕಡೆಯಲ್ಲೂ ಕೊನೆಗೆ ಒಂದು ಕಾಗದಕ್ಕೆ ಸಹಿ ಹಾಕುತ್ತಿದ್ದ: ಈ ಸ್ಥಳವನ್ನು ನಾಯಿಯಿಂದ ಶೋಧಿಸಲಾಗಿದೆ, ಅಪಾಯವಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಅವನ ಹೆದರಿಕೆ ಸ್ವಲ್ಪ ಇಳಿದಿತ್ತು. ತಾನು ನೋಡಲಾಗದ್ದನ್ನು ನಾಯಿ ನೋಡುತ್ತದೆ ಎಂಬ ನೆಮ್ಮದಿ ಅದು.

ಆ ನೆಮ್ಮದಿ ಒಡೆದದ್ದು ಗೌರಿಬಿದನೂರಿನಲ್ಲಿ, ಒಂದು ಕಲ್ಲು ಕ್ವಾರಿಯ ಮಾಲೀಕರ ಮಗಳ ಮದುವೆಯ ದಿನ, ಬೆಳಗಿನ ಹತ್ತೂವರೆ ಗಂಟೆಗೆ.

ಮಂಟಪದ ಹೊರಗೆ ನಿಲ್ಲಿಸಿದ್ದ ಗಾಡಿಗಳನ್ನು ಡಯಾನ ಒಂದೊಂದಾಗಿ ಮೂಸುತ್ತ ಹೋಯಿತು. ಕ್ವಾರಿಯ ಜೀಪಿನ ಹಿಂಬಾಗಿಲಿಗೆ ಮೂಗಿಟ್ಟು, ಬಾಲ ಅಲ್ಲಾಡಿಸಿ, ಮುಂದಕ್ಕೆ ನಡೆಯಿತು. ಮೂರು ಸಾಲು ದಾಟಿದ ಮೇಲೆ ಒಂದು ಹಳೆಯ ಟಿವಿಎಸ್ ಗಾಡಿಯ ಮುಂದೆ ನಿಂತು, ಕ್ಯಾರಿಯರಿಗೆ ಕಟ್ಟಿದ್ದ ಚೀಲವನ್ನು ನೋಡಿ, ಗಟ್ಟಿಯಾಗಿ ಕೂತುಬಿಟ್ಟಿತು.

ಬೀರೇಶ ಕೈಯೆತ್ತಿ ಪೊಲೀಸರನ್ನು ಕರೆದ. ಎಂಟು ತಿಂಗಳಲ್ಲಿ ನಿಜವಾದ ಜಾಗದಲ್ಲಿ ಡಯಾನ ಕೂತದ್ದು ಅದೇ ಮೊದಲು. ನಾದಸ್ವರ ನಿಂತಿತು. ಬಂದೋಬಸ್ತಿನ ಇಬ್ಬರು ಪೊಲೀಸರು ಜನರನ್ನು ಹಿಂದಕ್ಕೆ ದಬ್ಬಿದರು. ಗಾಡಿಯ ಒಡೆಯನನ್ನು ಹುಡುಕಿ ತಂದರು. ಹೊಸ ಪಂಚೆ ಉಟ್ಟ ಮುದುಕ, ಆವಲಪ್ಪ ಎಂದು ಹೆಸರು, ಹುಡುಗಿಯ ಕಡೆಯ ದೂರದ ನೆಂಟ. ಕೈಯಲ್ಲಿ ಇನ್ನೂ ಅಕ್ಷತೆ ಇತ್ತು.

"ಏನೈತೆ ಚೀಲದಾಗೆ?" ಎಂದ ಪೊಲೀಸ್.

"ಅಯ್ಯೋ ದೇವುಡಾ, ಬ್ಲೀಚಿಂಗ್ ಪೌಡರು ನಾಯನಾ. ಹುಳುಮನೆಗೆ ತಗೊಂಡಿದ್ದು. ನಾಳೆ ಹುಳು ತರ್ಬೇಕು, ಮದ್ವೇನೂ ಆಯ್ತದೆ ಸಾಮಾನೂ ಆಯ್ತದೆ ಅಂತ ಬಂದೆ."

ಉದ್ದ ಕೋಲಿನಿಂದ ಚೀಲ ಬಿಚ್ಚಿದರು. ಬಿಳಿ ಪುಡಿ ಸುರಿಯಿತು, ಎಲ್ಲರೂ ಮೂಗು ಮುಚ್ಚಿಕೊಂಡು ನಕ್ಕರು. ಅಡುಗೆಯವನೊಬ್ಬ, "ತಾತಾ, ಉಡುಗೊರೆಗೆ ಇದನ್ನಾ ತಂದಿದ್ದು?" ಎಂದು ಕೇಳಿದ. ನಾದಸ್ವರ ಮತ್ತೆ ಶುರುವಾಯಿತು. ಬೀರೇಶನೂ ನಗಲು ತುಟಿ ಎಳೆದ. ಆಗಲೇ ಕ್ವಾರಿ ಜೀಪಿನ ಡ್ರೈವರ್ ಜಗನ್ ಹೆಮ್ಮೆಯಿಂದ ಬಂದು ಅವನ ಭುಜ ತಟ್ಟಿದ.

"ಅಣ್ಣಾ, ನನ್ ಜೀಪನ್ನ ಹೆಂಗ್ ತೊಳ್ದಿದೀನಿ ನೋಡ್ದಾ? ನಿನ್ನೆ ಸಾಯಂಕಾಲದವರ್ಗೂ ಅದ್ರಲ್ಲಿ ಬಂಡೆ ಸಿಡಿಸೋ ಜಿಲೆಟಿನ್ ಕಡ್ಡಿ ಪೆಟ್ಟಿಗೆ ಇತ್ತು. ಒಂದ್ ಬಕೆಟ್ ಶಾಂಪು ಹಾಕ್ದೆ. ನಿಮ್ ನಾಯಿಗೇ ಗೊತ್ತಾಗ್ಲಿಲ್ಲ."

ಬೀರೇಶ ಜೀಪಿನ ಕಡೆ ತಿರುಗಿ ನೋಡಿದ. ಶಾಂಪುವಿನಿಂದ ಮನುಷ್ಯನ ಮೂಗಿಗೆ ಮೋಸ ಮಾಡಬಹುದು. ಪೆಟ್ಟಿಗೆ ಇಳಿಸಿ ವಾರವಾದರೂ ನಾಯಿಗೆ ಅದು ತಿಳಿಯಲೇಬೇಕು. ಡಯಾನ ಅದನ್ನು ಮೂಸಿತ್ತು, ಬಾಲ ಅಲ್ಲಾಡಿಸಿತ್ತು, ಬಿಟ್ಟು ಬಂದಿತ್ತು. ಕೂತದ್ದು ಬ್ಲೀಚಿಂಗ್ ಪೌಡರಿನ ಮುಂದೆ.

ಕಾಗದ ಬಂತು. ಏನು ಮಾಡಬೇಕೆಂದು ತಿಳಿಯದೆ ಸಹಿ ಹಾಕಿಬಿಟ್ಟ. ಆಮೇಲೆ ಜಗನ್‌ನಿಂದ ಜೀಪಿನ ತಳ ಒರೆಸಿದ ಬಟ್ಟೆಯೊಂದನ್ನು ಕೇಳಿ ಪಡೆದು, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಟ್ಟುಕೊಂಡ. ಮಂಟಪದ ಒಳಗಿನಿಂದ ಗಟ್ಟಿಮೇಳ ಕೇಳಿದಾಗ ಅವನು ತಲೆ ಮುಚ್ಚಿಕೊಂಡು ಜೀಪಿನ ಪಕ್ಕ ಕುಕ್ಕರಿಸಿದ. ಅದು ಬರೀ ಡೋಲು ಎಂದು ಮನಸ್ಸಿಗೆ ಹೇಳಿಕೊಳ್ಳಲು ಸಮಯ ಹಿಡಿಯಿತು.

ಮರುದಿನ ಮಧ್ಯಾಹ್ನ ನಾಯಿಯನ್ನು ಡಾಕ್ಟರಿಗೆ ತೋರಿಸಬೇಕೆಂದು ಸುಳ್ಳು ಹೇಳಿ ಡಯಾನವನ್ನು ಮನೆಗೆ ಕರೆತಂದ. ಮುನಿಲಕ್ಷ್ಮಿಗೆ ವಿಷಯ ಹೇಳಿದ. ಅಂಗಳದಲ್ಲಿ ಆರು ಸೊಪ್ಪಿನ ಬುಟ್ಟಿಗಳನ್ನು ಬೋರಲು ಹಾಕಿಸಿದ. ಒಂದರ ಕೆಳಗೆ ಜೀಪಿನ ಬಟ್ಟೆ, ಇನ್ನೊಂದರ ಕೆಳಗೆ ಹುಳುಮನೆಯಿಂದ ಆಗಷ್ಟೇ ತಂದ ಒರೆಸುವ ಬಟ್ಟೆ, ಉಳಿದವು ಖಾಲಿ.

"ನೀನೇ ಇಡು, ನಂಗೆ ತೋರಿಸ್ಬೇಡ" ಎಂದು ಗೋಡೆಯ ಕಡೆ ತಿರುಗಿ ನಿಂತ. ನಾಯಿಗಳು ನಡೆಸುವವನ ಕೈಯನ್ನೂ ಉಸಿರನ್ನೂ ಓದುತ್ತವೆ. ತನಗೆ ಗೊತ್ತಿದ್ದರೆ ಅದು ನಾಯಿಗೂ ಗೊತ್ತಾಗುತ್ತದೆ ಎಂಬ ಭಯ ಅವನಿಗೆ.

ಡಯಾನ ಬುಟ್ಟಿಗಳ ಸಾಲನ್ನು ಒಂದು ಸುತ್ತು ಹಾಕಿತು. ಎರಡನೆಯ ಬುಟ್ಟಿಯ ಬಳಿ ಒಂದು ಕ್ಷಣವೂ ನಿಲ್ಲಲಿಲ್ಲ. ಐದನೆಯದರ ಮುಂದೆ ಕೂತು, ಚೆಂಡು ಎಲ್ಲಿ ಎಂದು ಬೀರೇಶನ ಜೇಬು ನೋಡಿತು. ಬುಟ್ಟಿಗಳ ಜಾಗ ಬದಲಿಸಿ ಮತ್ತೆ ಬಿಟ್ಟರು. ಮತ್ತೂ ಬದಲಿಸಿದರು. ಮೂರು ಸಲವೂ ಅದು ಒಂದೇ ಬಟ್ಟೆಯನ್ನು ಹಿಡಿಯಿತು.

"ಯಾವ ಬಟ್ಟೆ ಮುಂದೆ ಕೂತಿದ್ದು?" ಎಂದು ಕೇಳಿದ, ಕೇಳುವ ಮೊದಲೇ ಗೊತ್ತಿದ್ದರೂ.

ಮುನಿಲಕ್ಷ್ಮಿ ಬುಟ್ಟಿ ಎತ್ತಿ ಬಟ್ಟೆಯನ್ನು ಕೈಗೆ ತೆಗೆದುಕೊಂಡಳು. "ನಮ್ಮನೆ ಬಟ್ಟೆ" ಅಂದಳು. "ಚೊಕ್ಕಟವಾಗಿರ್ಲಿ ಅಂತಲ್ವಾ ನಾನು ಕೊಟ್ಟಿದ್ದು."

ಒಳಗಿನಿಂದ ಚಿಕ್ಕವೆಂಕಟಮ್ಮ, "ದಾನಮ್ಮನಿಗೆ ಒಂದು ಮುದ್ದೆ ಹಾಕ್ರೋ, ಪಾಪ, ಅಷ್ಟು ಕೆಲ್ಸ ಮಾಡ್ತೈತೆ" ಎಂದು ಕೂಗಿದಳು.

ಬೀರೇಶ ಜಗಲಿಯ ಮೇಲೆ ಕೂತು ಬೆರಳು ಮಡಿಸಿದ. ಡಯಾನ ಬಂದ ಮೇಲೆ ನಲವತ್ತೊಂದು ಕಡೆ ಸಹಿ ಹಾಕಿದ್ದ. ಆ ಶಾಲೆಯ ವಾರ್ಷಿಕೋತ್ಸವದಲ್ಲಿ ಎಷ್ಟು ಮಕ್ಕಳಿದ್ದರು? ವೇದಿಕೆಯ ಕೆಳಗೆ ತಾನು ಇಣುಕಿ ನೋಡಿದ್ದೆನೇ, ಇಲ್ಲ ನಾಯಿ ಹೋಗಿ ಬಂತು, ಸಾಕು ಎಂದು ಬಿಟ್ಟಿದ್ದೆನೇ? ಆಗಲೇ ಮುಗಿದುಹೋದ ಸಭೆಗಳು, ಮನೆ ಸೇರಿ ಮಲಗಿ ಎದ್ದ ಜನ. ಏನೂ ಆಗಿರಲಿಲ್ಲ. ಆದರೂ ಅವನಿಗೆ ಆ ಒಂದೊಂದು ಮಂಟಪವೂ ಈಗ ಒಳಗಿನಿಂದ ನಡುಗುತ್ತಿರುವಂತೆ ಕಾಣತೊಡಗಿತು.

ಸಂಜೆಯೊಳಗೆ ಕಂಪನಿಗೆ ಹೋಗಿ ಮುರಳಿಮೋಹನ್‌ಗೆ ಎಲ್ಲ ಹೇಳಿದ. ಅವರು ಬೈಯಲಿಲ್ಲ. ವ್ಯಾಪಾರಸ್ಥರು ತಕ್ಷಣ ಬೈಯದಿದ್ದರೆ ಜೋಪಾನವಾಗಿರಬೇಕು.

"ನಾಳೆ ಶಿಡ್ಲಘಟ್ಟದ ಕೆಲಸ ಒಪ್ಪಿಕೊಂಡಾಗಿದೆ ಕಣಪ್ಪ. ಅದೊಂದು ಮುಗೀಲಿ. ನಾಡಿದ್ದು ನಿಧಾನವಾಗಿ ಮಾತಾಡಣ."

"ಸಾರ್, ನಾಳೆ ಅಲ್ಲಿ ರೇಷ್ಮೆ ಬೆಳೆಗಾರರ ಸಮಾವೇಶ. ಬರೋರೆಲ್ಲ ಹುಳುಮನೆಯಿಂದ ಎದ್ದು ಬರೋರು."

"ಅದಕ್ಕೇನೀಗ?"

"ಎಲ್ಲಾರ ಮುಂದೇನೂ ಕೂರುತ್ತೆ ಸಾರ್."

ಮುರಳಿಮೋಹನ್ ಸ್ವಲ್ಪ ಯೋಚಿಸಿದರು. "ಕೂತ್ರೆ ನಾಯಿಗೆ ಸುಸ್ತು ಅಂದ್ಬಿಡು. ಬಿಸ್ಲು ಅಂತೂ ಇದ್ದೇ ಇದೆ." ಬೀರೇಶ ಕದಲದಿದ್ದಾಗ ದನಿ ತಗ್ಗಿಸಿದರು. "ನೋಡು, ನಾಯಿ ಫೇಲಾದ್ರೆ ಅದನ್ನ ಯಾವ್ದಾದ್ರೂ ತೋಟಕ್ಕೆ ಕಾವಲಿಗೆ ಮಾರ್ಬೇಕಾಗುತ್ತೆ. ನಿನ್ನನ್ನ ಮತ್ತೆ ಗೋದಾಮಿಗೆ. ನಿಂಗೆ ಅದು ಬೇಕಾ?"

ಬೇಡವಾಗಿತ್ತು. ನಾಯಿಗೆ ಹೆದರಿದವನು ಈಗ ನಾಯಿಯನ್ನು ಕಳೆದುಕೊಳ್ಳಲು ಹೆದರುವ ಸ್ಥಿತಿಗೆ ಬಂದಿದ್ದ.

ಸಮಾವೇಶದ ಸಭಾಂಗಣಕ್ಕೆ ಎರಡೇ ಬಾಗಿಲು. ಎರಡು ಸಾವಿರ ಕುರ್ಚಿ. ಬೀರೇಶ ಮೂರು ಸಲ ಎಣಿಸಿದರೂ ಮೂರನೆಯ ಬಾಗಿಲು ಹುಟ್ಟಲಿಲ್ಲ. ಎಂಟೂವರೆಗೇ ಹಳ್ಳಿಗಳಿಂದ ಜನ ಬಂದು ಗೇಟಿನ ಮುಂದೆ ಸೇರಿದ್ದರು. ಹೆಂಗಸರು ಹೂ ಮುಡಿದು ಬಂದಿದ್ದರು.

ಗೇಟಿನಲ್ಲೇ ಮೊದಲನೆಯವನ ಮುಂದೆ ಡಯಾನ ಕೂತಿತು. ಬೀರೇಶ ಹಗ್ಗ ಎಳೆದ. ನಾಲ್ಕು ಹೆಜ್ಜೆಗೆ ಒಬ್ಬ ಹೆಂಗಸಿನ ಕೈಚೀಲದ ಮುಂದೆ ಕೂತಿತು. ಆಮೇಲೆ ಒಬ್ಬ ಮುದುಕನ ಪಂಚೆಯ ಅಂಚಿಗೆ. ಪ್ರತಿ ಸಲ ಕೂತು ಅವನ ಮುಖ ನೋಡುತ್ತಿತ್ತು. ಇಷ್ಟೊಂದು ಸರಿಯುತ್ತರ ಕೊಟ್ಟರೂ ಚೆಂಡು ಯಾಕಿಲ್ಲ ಎಂಬ ನೋಟ.

"ಏನಪ್ಪ, ನಿನ್ ನಾಯಿಗೆ ನಮ್ಮೂರೋರೆಲ್ಲಾ ಬಾಂಬೇನಾ?" ಎಂದ ಒಬ್ಬ.

"ಇಲ್ಲ ಕಣೋ, ಗೂಡಿಗೆ ರೇಟ್ ಹೇಳ್ತೈತೆ. ಕೂತ್ರೆ ಒಂದನೇ ದರ್ಜೆ" ಎಂದ ಇನ್ನೊಬ್ಬ. ಸಾಲಿನಲ್ಲಿ ನಗು ಹರಿಯಿತು.

ಬೀರೇಶ ಹಗ್ಗವನ್ನು ಗಿಡ್ಡ ಮಾಡಿ ಹಿಡಿದ. ಈ ಜನರಲ್ಲಿ ಯಾರಾದರೂ ಒಬ್ಬರ ಚೀಲದಲ್ಲಿ ನಿಜವಾಗಿಯೂ ಏನಾದರೂ ಇದ್ದರೆ? ಅಲ್ಲೂ ಡಯಾನ ಕೂರಬಹುದು, ಕೂರದೆಯೂ ಇರಬಹುದು. ಎರಡಕ್ಕೂ ಅರ್ಥವಿಲ್ಲ. ಇಷ್ಟು ದಿನ ನಾಯಿಯ ಮೂಗಿನ ಹಿಂದೆ ಅಡಗಿ ನಿಂತಿದ್ದವನು ಈಗ ಬಯಲಲ್ಲಿ ಒಬ್ಬನೇ ನಿಂತಂತಾಯಿತು.

ಮುರಳಿಮೋಹನ್ ಕಾಗದವನ್ನು ಕಾರಿನ ಬಾನೆಟ್ ಮೇಲೆ ಹರಡಿ ಪೆನ್ನು ಕೊಟ್ಟರು. ಬಂದೋಬಸ್ತಿನ ಸಬ್ ಇನ್ಸ್‌ಪೆಕ್ಟರ್ ಪಕ್ಕದಲ್ಲೇ ಕಾಯುತ್ತಿದ್ದರು. ಬೀರೇಶ ಪೆನ್ನು ಹಿಡಿದ. ಅದರ ತುದಿ ಕಾಗದಕ್ಕೆ ತಾಕಿದಾಗ ಟಕಟಕ ಸದ್ದು ಮಾಡಿತು. ಅವನು ಧೈರ್ಯ ಮಾಡಿದ ಎಂದು ಆಮೇಲೆ ಊರಲ್ಲಿ ಮಾತಾಡಿಕೊಂಡರು. ನಡೆದದ್ದು ಇಷ್ಟೇ: ಸಹಿ ಮಾಡುವಷ್ಟು ಹೊತ್ತು ಕೈ ನಿಲ್ಲಲಿಲ್ಲ.

"ಸಾರ್, ಈ ನಾಯಿಗೆ ಬಾಂಬಿನ ವಾಸನೆ ಗೊತ್ತಿಲ್ಲ" ಎಂದ ಸಬ್ ಇನ್ಸ್‌ಪೆಕ್ಟರಿಗೆ. "ತಪ್ಪು ಅದರದ್ದಲ್ಲ, ನಾನೇ ತಪ್ಪು ಕಲಿಸಿದೀನಿ."

ಮುರಳಿಮೋಹನ್ ಆಕಾಶ ನೋಡಿದರು. ಸಬ್ ಇನ್ಸ್‌ಪೆಕ್ಟರ್ ಹೆಚ್ಚು ಮಾತಾಡದೆ ಜನರನ್ನು ಹೊರಗೇ ನಿಲ್ಲಿಸಿ, ಜಿಲ್ಲಾ ಕೇಂದ್ರದಿಂದ ಪೊಲೀಸ್ ನಾಯಿಯನ್ನು ಕರೆಸಿದರು. ಅದು ಬರುವವರೆಗೆ ಕೈಯಿಂದಲೇ ಹುಡುಕುವುದು ಎಂದಾಯಿತು. ಬೀರೇಶನೂ ಸೇರಿಕೊಂಡ. ವೇದಿಕೆಯ ಹಾಸಿನ ಅಂಚು ಎತ್ತಿ ಟಾರ್ಚು ಬಿಟ್ಟವನು ಅವನೇ. ಒಳಗೆ, ಅತಿಥಿಗಳ ಕುರ್ಚಿಗಳ ನೇರ ಕೆಳಗೆ, ಒಂದು ಕಪ್ಪು ಚೀಲ ಇತ್ತು.

"ಯಾರದ್ದಿದು?" ಎಂದು ಮೈಕಿನಲ್ಲಿ ಕೂಗಿಸಿದರು. ಯಾರೂ ಬರಲಿಲ್ಲ.

ಡಯಾನ ಅವನ ಪಕ್ಕಕ್ಕೆ ಬಂದು, ಮೂಗು ಚಾಚಿ, ಆ ಚೀಲದ ಕಡೆ ಮುಖ ಮಾಡಿ ಕೂತಿತು.

ಬೀರೇಶ ಟಾರ್ಚಿನ ಬೆಳಕನ್ನು ಚೀಲದಿಂದ ನಾಯಿಗೆ, ನಾಯಿಯಿಂದ ಚೀಲಕ್ಕೆ ಹೊರಳಿಸಿದ. ಆ ಕೂರುವಿಕೆ ಒಂದು ಅರ್ಥ ಕೊಟ್ಟಿದ್ದರೆ ಓಡಬಹುದಿತ್ತು, ಇನ್ನೊಂದು ಅರ್ಥ ಕೊಟ್ಟಿದ್ದರೆ ನಗಬಹುದಿತ್ತು. ಸಭಾಂಗಣದಿಂದ ಎಲ್ಲರನ್ನೂ ಕಳಿಸಿದರು. ಹೊರಗೆ ಬೇಲಿಯ ಹಿಂದೆ ನಿಂತು ನಲವತ್ತು ನಿಮಿಷ ಕಾದರು. ಒಬ್ಬ ತಾಯಿ ಮಗುವಿನ ಕಿವಿಗಳನ್ನು ಎರಡೂ ಕೈಯಿಂದ ಮುಚ್ಚಿ ನಿಂತಿದ್ದಳು, ಯಾರೂ ಹೇಳದೆಯೇ. ಆ ಕೈಗಳನ್ನು ನೋಡುತ್ತ ಬೀರೇಶ ತನ್ನ ನಲವತ್ತೊಂದು ಸಹಿಗಳನ್ನು ಒಂದೊಂದಾಗಿ ನೆನೆಸಿಕೊಂಡ.

ಪೊಲೀಸ್ ನಾಯಿ ಬಂತು. ಒಳಗೆ ಹೋಯಿತು. ಚೀಲದ ಸುತ್ತ ಎರಡು ಸಲ ತಿರುಗಿ, ಕೂರದೆ, ಮುಂದಕ್ಕೆ ಹೋಯಿತು. ಆಮೇಲೆ ಜೋಪಾನವಾಗಿ ತೆರೆದರು. ಹುಳುಮನೆ ತೊಳೆಯುವ ಪುಡಿಯ ಪೊಟ್ಟಣಗಳು, ರೈತರಿಗೆ ಪುಕ್ಕಟೆ ಹಂಚಲು ಒಂದು ಔಷಧ ಅಂಗಡಿಯವನು ತಂದಿಟ್ಟದ್ದು. ಅವನು ಎದುರಿನ ಹೋಟೆಲಿನಲ್ಲಿ ಎರಡನೇ ದೋಸೆ ತಿನ್ನುತ್ತಿದ್ದ.

ಮೂರನೇ ದಿನ, ನಾಯಿಯನ್ನು ಹೊಸದಾಗಿ ಪರೀಕ್ಷಿಸಲು ಪೊಲೀಸರು ಕಳಿಸಿದ ಮುನಿಗಂಗಪ್ಪ ಬಂದರು. ಪೊಲೀಸ್ ನಾಯಿಗಳನ್ನು ಮೂವತ್ತು ವರ್ಷ ತಯಾರು ಮಾಡಿ ನಿವೃತ್ತರಾದವರು. ಮೂಗಿನ ಮೇಲೆ ಕನ್ನಡಕ, ಕೈಯಲ್ಲಿ ತಮ್ಮದೇ ಡಬ್ಬಿ. ಕಂಪನಿಯ ಒಂದು ಬಟ್ಟೆ ತುಂಡನ್ನೂ ಮುಟ್ಟಲಿಲ್ಲ. ಕೋಳಿ ಫಾರಮಿನ ಶೆಡ್ಡಿನಲ್ಲಿ ಹನ್ನೆರಡು ಪೆಟ್ಟಿಗೆ ಸಾಲಾಗಿ ಇಡಿಸಿದರು. ಯಾವ ಪೆಟ್ಟಿಗೆಯಲ್ಲಿ ಏನು ಎಂದು ಚೀಟಿ ಎತ್ತಿ ಇಟ್ಟವನನ್ನು ಗೇಟಿನಾಚೆಗೆ ಕಳಿಸಿದರು.

"ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ಗೊತ್ತಿರೋನು ಇಲ್ಲಿಲ್ಲ" ಎಂದರು. "ಈಗ ನಾಯಿ ಒಂದೇ ಮಾತಾಡ್ಬೇಕು."

"ಸಾರ್, ಇದನ್ನೂ ಒಂದರಲ್ಲಿ ಇಡ್ಸಿ" ಎಂದು ಬೀರೇಶ ಮುನಿಲಕ್ಷ್ಮಿ ಕೊಟ್ಟಿದ್ದ, ಇನ್ನೂ ಬಳಸದ ಒಂದು ಬಿಳಿ ಚೌಕವನ್ನು ಕವರಿನಲ್ಲಿ ಕೊಟ್ಟ. ತನ್ನ ಕುತ್ತಿಗೆಗೆ ತಾನೇ ಹಗ್ಗ ತಂದುಕೊಟ್ಟವನನ್ನು ಮುನಿಗಂಗಪ್ಪ ಕನ್ನಡಕದ ಮೇಲಿನಿಂದ ನೋಡಿ, ಅದನ್ನು ಗೇಟಿನಾಚೆ ಇದ್ದವನಿಗೆ ಕಳಿಸಿ, ತಾವೆಲ್ಲ ಹೊರಗಿದ್ದಾಗ ಅವನಿಂದಲೇ ಒಂದು ಪೆಟ್ಟಿಗೆಯಲ್ಲಿ ಇಡಿಸಿದರು.

ಡಯಾನ ಅಸಲಿ ವಾಸನೆಯ ಮೂರು ಪೆಟ್ಟಿಗೆಗಳನ್ನೂ ದಾಟಿತು. ಒಂಬತ್ತನೆಯದರ ಮುಂದೆ ಕೂತಿತು. ಚೀಟಿ ತೆರೆದಾಗ ಅಲ್ಲಿದ್ದದ್ದು ಬಿಳಿ ಚೌಕ.

ಮುನಿಗಂಗಪ್ಪ ಬಟ್ಟೆಯನ್ನು ಮೂಗಿಗೆ ಹಿಡಿದು ಬೀರೇಶನಿಗೆ ಚಾಚಿದರು. "ಏನ್ ವಾಸ್ನೆ ಬರ್ತಿದೆ?"

ಬೀರೇಶ ಎಳೆದೆಳೆದು ಮೂಸಿದ. "ಏನೂ ಇಲ್ಲ ಸಾರ್."

"ಅದೇ ರೋಗ. ನಂಗೆ ಇಲ್ಲಿಂದ್ಲೇ ಕಣ್ಣುರೀತಿದೆ. ನಿಮ್ಮೂರೋರ ಮೂಗಿಗೆ ಅದು ಇಲ್ಲವೇ ಇಲ್ಲ." ಪರೀಕ್ಷೆಯ ಕಾಗದದಲ್ಲಿ ಕೆಂಪು ಶಾಯಿಯಿಂದ ಬರೆದರು. "ಒಂದೇ ಬಟ್ಟೇಲಿ ಎರಡು ವಾಸ್ನೆ ಕೊಟ್ಟೆ. ಜೋರಾಗಿರೋದನ್ನ ಅದು ಹಿಡ್ಕೊಂತು. ನಾಯಿ ಪಾಸು ಕಣಪ್ಪ. ಮೇಷ್ಟ್ರು ಫೇಲು."

ಅದೇ ಮಾತು ಡಯಾನವನ್ನು ತೋಟದ ಕಾವಲಿಂದ ಉಳಿಸಿತು. ಪಾಸಾದ ನಾಯಿಯನ್ನು ಮಾರಲು ಮುರಳಿಮೋಹನ್ ಮನಸ್ಸು ಮಾಡಲಿಲ್ಲ. ಶಿಡ್ಲಘಟ್ಟದಲ್ಲಿ ಸಹಿ ಹಾಕದವನ ಕಥೆ ಆಗಲೇ ನಾಲ್ಕು ತಾಲೂಕು ಸುತ್ತಿತ್ತು, ವಿಚಿತ್ರವೆಂದರೆ ಕೆಲಸ ಕೇಳಿ ಬರುವ ಫೋನು ಕಡಿಮೆಯಾಗಿರಲಿಲ್ಲ, ಹಾಗಾಗಿ ಬೀರೇಶನೂ ಉಳಿದ.

ಮೂರು ತಿಂಗಳು ಮತ್ತೆ ಮೊದಲಿನಿಂದ ಪಾಠ. ಮುನಿಗಂಗಪ್ಪ ಬರೀ ನೀರಲ್ಲಿ ಕುದಿಸಿದ ಬಟ್ಟೆ ತಂದುಕೊಟ್ಟರು, ಎಲ್ಲ ಪೆಟ್ಟಿಗೆಗೂ ಒಂದೇ ಥಾನಿನ ಬಟ್ಟೆ. ಬಿಳಿ ಚೌಕದ ಮುಂದೆ ಕೂತರೆ ಚೆಂಡಿಲ್ಲ. ಅಷ್ಟು ದಿನ ಬೀರೇಶ ಹುಳುಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಮೊದಲಾದರೆ ನಾಯಿಯ ವಾಸನೆ ಹುಳಕ್ಕೆ ತಾಗಬಾರದೆಂದು ಸ್ನಾನ ಮಾಡಿ ಮನೆಗೆ ಬರುತ್ತಿದ್ದ. ಈಗ ಮನೆಯ ವಾಸನೆ ನಾಯಿಗೆ ತಾಗಬಾರದೆಂದು ಸ್ನಾನ ಮಾಡಿ ಕೆಲಸಕ್ಕೆ ಹೋಗುತ್ತಿದ್ದ. "ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತಿಗೆ ನೀವು ಕರಗೋಗ್ತೀರಾ" ಎಂದು ಮುನಿಲಕ್ಷ್ಮಿ ಬಚ್ಚಲಿಗೆ ಬಿಸಿನೀರು ಸುರಿಯುತ್ತಿದ್ದಳು. ಆ ಬೆಳೆಯನ್ನು ಅವಳೊಬ್ಬಳೇ ತೆಗೆದಳು.

ಮುನಿಗಂಗಪ್ಪನವರ ಎರಡನೇ ಪರೀಕ್ಷೆಯಲ್ಲಿ ಹನ್ನೆರಡು ಸುತ್ತಿನಲ್ಲಿ ಡಯಾನ ಹನ್ನೊಂದು ಹಿಡಿಯಿತು. ಒಂದು ಬಿಟ್ಟಿತು. ಬಿಳಿ ಚೌಕದ ಕಡೆ ತಿರುಗಿಯೂ ನೋಡಲಿಲ್ಲ. ಮುನಿಗಂಗಪ್ಪ ಪಾಸು ಎಂದು ಬರೆದರು.

"ಆ ಒಂದು, ಸಾರ್?" ಎಂದ ಬೀರೇಶ.

"ಹನ್ನೆರಡಕ್ಕೆ ಹನ್ನೆರಡು ಹಿಡಿಯೋ ನಾಯಿ ತೋರ್ಸಿದ್ರೆ ನಾನು ನಂಬಲ್ಲ. ಯಾವ ನಾಯಿಗೂ ಒಂದು ತಪ್ಪುತ್ತೆ."

ಅವರು ಸಮಾಧಾನಕ್ಕೆ ಹೇಳಿದ ಮಾತು. ಬೀರೇಶನ ಒಳಗೆ ಅದು ಮುಳ್ಳಿನಂತೆ ಉಳಿಯಿತು. ಆ ಒಂದು ಯಾವ ಮಂಟಪದಲ್ಲಿದೆ, ಯಾವ ಕುರ್ಚಿಯ ಕೆಳಗಿದೆ ಎಂದು ಹೇಳುವವರು ಯಾರು? ಸಹಿ ಹಾಕದಿದ್ದರೆ ಕೆಲಸವಿಲ್ಲ. ಸಹಿ ಹಾಕಿ ಗಾಡಿ ಹತ್ತಿ ಹೊರಟುಬಿಡಲು ಈಗ ಕಾಲೇಳುವುದಿಲ್ಲ. ಹಾ, ಒಂದು ದಾರಿ ಇತ್ತು. ಅದನ್ನು ಅವನು ಯಾರನ್ನೂ ಕೇಳದೆ ಶುರುಮಾಡಿದ.

ಸಹಿ ಹಾಕಿದ ಮೇಲೆ ಅವನು ಒಳಗೆ ಹೋಗಿ ಕೂರುತ್ತಾನೆ. ವೇದಿಕೆಗೆ ಹತ್ತಿರದ ಕುರ್ಚಿ, ಬಾಗಿಲಿಗೆ ದೂರ. ಸಭೆ ಮುಗಿದು ಕೊನೆಯ ಮನುಷ್ಯ ಹೊರಗೆ ಹೋಗುವವರೆಗೂ ಏಳುವುದಿಲ್ಲ. ಕಾಗದದ ಮೇಲೆ ಬರೆದದ್ದು ಸುಳ್ಳಾದರೆ ಅದನ್ನು ಬರೆದವನೂ ಅಲ್ಲೇ ಇರಲಿ ಎಂಬುದು ಅವನ ಲೆಕ್ಕ. ಮೊದಮೊದಲು ಮುರಳಿಮೋಹನ್ ಸಮಯ ಹಾಳು ಎಂದು ಗೊಣಗಿದರು. ಒಂದು ತಿಂಗಳೊಳಗೆ ಫೋನಿನಲ್ಲಿ ಅವರ ಮಾತು ಬದಲಾಯಿತು: "ನಮ್ಮ ಹುಡುಗ ಚೆಕ್ ಮಾಡಿ ಓಡಿಹೋಗಲ್ಲ ಸಾರ್, ನಿಮ್ ಜೊತೇಲೇ ಕೂತಿರ್ತಾನೆ. ಬೇರೆ ಕಂಪನಿಯವರನ್ನ ಕೇಳಿ ನೋಡಿ, ಕೂರ್ತಾರಾ ಅಂತ." ಶಾಮಿಯಾನದವರ ಕೈಗೆ ಸಿಕ್ಕರೆ ಒಬ್ಬನ ನಡುಕಕ್ಕೂ ಬಾಡಿಗೆ ಹುಟ್ಟುತ್ತದೆ.

ಮೊನ್ನೆ ಗೌರಿಬಿದನೂರಿನ ಅದೇ ಮಂಟಪದಲ್ಲಿ ಇನ್ನೊಂದು ಮದುವೆ. ಹೊರಗೆ ಅದೇ ಕ್ವಾರಿಯ ಜೀಪು. ಅದರ ಹಿಂಬಾಗಿಲಿಗೆ ಮೂಗಿಟ್ಟ ಡಯಾನ ಗಟ್ಟಿಯಾಗಿ ಕೂತು ಜೇಬು ನೋಡಿತು. ಚೆಂಡು ಸಿಕ್ಕಿತು. ಜಗನ್ ಶಾಂಪುವನ್ನು ಬೈದುಕೊಳ್ಳುತ್ತ ಖಾಲಿ ಜೀಪನ್ನು ಮೂಲೆಮೂಲೆ ತೋರಿಸಿ, ರಸ್ತೆಯಾಚೆ ನಿಲ್ಲಿಸಿ ಬಂದ.

ಬೀರೇಶ ಸಹಿ ಹಾಕಿ ಒಳಗೆ ಕೂತ. ಮೂರು ಬಾಗಿಲು, ಒಂದು ಅಡುಗೆಮನೆಯ ಕಡೆಗೆ. ಡಯಾನ ಕುರ್ಚಿಯ ಕೆಳಗೆ ನಿದ್ದೆಹೋಗಿತ್ತು. ಗಟ್ಟಿಮೇಳಕ್ಕೆ ಎಲ್ಲರೂ ಅಕ್ಷತೆ ಎಸೆಯಲು ಎದ್ದಾಗ ಅವನು ಕುರ್ಚಿಯ ಕೈ ಬಿಗಿಯಾಗಿ ಹಿಡಿದು, ಡೋಲು ನಿಲ್ಲುವವರೆಗೆ ಉಸಿರು ಬಿಡಲಿಲ್ಲ. ಹೆಣ್ಣಿನ ತಂದೆ ಬಂದು ಭುಜ ಮುಟ್ಟಿದರು.

"ಏಳಪ್ಪ, ಊಟಕ್ಕೇಳು. ಬೆಳಿಗ್ಗೆಯಿಂದ ಇಲ್ಲೇ ಕೂತಿದೀಯ. ಮೊದಲ್ನೇ ಪಂಕ್ತಿ ಹಾಕವ್ರೆ."

ಬೀರೇಶ ಸಭಾಂಗಣ ನೋಡಿದ. ಇನ್ನೂ ನಾನೂರು ಜನ ಇದ್ದರು.

"ನೀವು ನಡೀರಿ ಯಜಮಾನ್ರೇ" ಎಂದ. "ನಾನು ಕೊನೇ ಪಂಕ್ತಿಗೆ ಬರ್ತೀನಿ."